ಕೈಯಲ್ಲಿ ಮಣಿ, ಎದುರಿಗೆ ಸಿನಿಮಾ, ಹಿಂದುಗಡೆ ಸಂಸಾರ: ನೀವೆಲ್ಲ ಹೆಂಗೆ ಸಂಭಾಳಿಸ್ತೀರಿ?

ಮಣಿಸರ, ದಾವಣಗೆರೆ

ಎಲ್ರಿಗೂ ನಮಸ್ಕಾರ ರೀ. ಮನೇಲೇ ಕೂತು ಓಲೆ, ಸರ, ಬಳೆ ಮಾಡಿ ಮಾರೋರು ಇಲ್ಲಿ ಒಂದಷ್ಟು ಜನ ಇದೀರ ಅನ್ನೋ ಧೈರ್ಯದ ಮೇಲೆ ಬರೀತಾ ಇದೀನಿ. ನಾನು ರೇಷ್ಮೆ ದಾರದ ಬಳೆ, ಜುಮ್ಕಿ, ಗಾಜಿನ ಮಣಿ ಸರ ಮಾಡ್ತೀನಿ, ವಾಟ್ಸಾಪ್ ಸ್ಟೇಟಸ್ಸು ಮತ್ತೆ ಇನ್‌ಸ್ಟಾದಲ್ಲೇ ವ್ಯಾಪಾರ, ಅಂಗಡಿ ಗಿಂಗಡಿ ಏನಿಲ್ಲ, ನಡುಮನೆ ದಿವಾನದ ಒಂದು ಮೂಲೆನೇ ಎಲ್ಲಾ. 2025ರಲ್ಲಿ ಬಂಗಾರ ಹತ್ತು ಗ್ರಾಂಗೆ 1 ಲಕ್ಷ ದಾಟಿದ ಮೇಲೆ ಮೊದ್ಲು ನಮ್ಮ ಮಾಲು ನೋಡಿ ಮೂಗು ಮುರೀತಿದ್ದ ಸಂಬಂಧಿಕರೂ ಈಗ ಮದುವೆ ಸೀಸನ್ ಬಂದ್ರೆ ಫೋನ್ ಮಾಡ್ತಾರೆ, ಅದು ಖುಷಿನೇ. ಆದ್ರೆ ಟೈಮ್ ಎಲ್ಲೈತ್ರಿ?

ಬೆಳಗ್ಗೆ ಡಬ್ಬಿ, ಸ್ಕೂಲು, ಮಧ್ಯಾಹ್ನ ಕೊರಿಯರ್ ಪ್ಯಾಕಿಂಗು, ಸಂಜೆ ಹೋಮ್‌ವರ್ಕು, ರಾತ್ರಿ ರೊಟ್ಟಿ, ಅತ್ತೆಯವ್ರ ಮಾತ್ರೆ, ಇದೆಲ್ಲ ಮುಗಿದ ಮೇಲೆ ನನ್ನ ಕೆಲಸ ಶುರು. ಫೋನನ್ನ ಸಕ್ಕರೆ ಡಬ್ಬಿಗೆ ಒರಗಿಸಿ ಒಂದು ಸಿನಿಮಾ ಹಚ್ಚಿ, ತೊಡೆ ಮೇಲೆ ಸ್ಟೀಲ್ ತಟ್ಟೆ ಇಟ್ಕೊಂಡು ಮಣಿ ಪೋಣಿಸ್ತಾ ಕೂತ್ರೆ ಹನ್ನೆರಡು ದಾಟಿದ್ದೇ ಗೊತ್ತಾಗಲ್ಲ. ಹಿಂಗೆ ನೋಡಿದ ಸಿನಿಮಾಗಳ ಬಗ್ಗೆ ಇಲ್ಲಿ ಆಗಾಗ ಬರೀತೀನಿ, ನಿಮಗೆ ಗೊತ್ತೈತಿ. ಮೊನ್ನೆ ‘ಸಪ್ತ ಸಾಗರದಾಚೆ ಎಲ್ಲೋ’ ಭಾರಿ ಎಳೆದಾರೆ ಅಂತ ಬರ್ದಿದ್ದಕ್ಕೆ ಒಬ್ರು "ನೀವು ಸಿನಿಮಾ ನೋಡಿಲ್ಲಮ್ಮ, ಕೇಳಿದೀರಿ" ಅಂತ ಒಂದೇ ಸಾಲು ಹಾಕಿ ಹೋದ್ರು.

ಸಿಟ್ಟು ಬಂತು ರೀ. ರಾತ್ರಿ ಹತ್ತರ ಮೇಲೆ ಕೈ ಖಾಲಿ ಇಟ್ಕೊಂಡು ಎರಡೂವರೆ ತಾಸು ಕೂರೋ ಭಾಗ್ಯ ಎಷ್ಟು ಹೆಂಗಸ್ರಿಗೈತಿ? ಹಂಗಾದ್ರೆ ನಮ್ ಅಭಿಪ್ರಾಯಕ್ಕೆ ಬೆಲೆನೇ ಇಲ್ವಾ? ಇದೊಂದು ಪ್ರಶ್ನೆ. ಇನ್ನೊಂದು, ಕೆಲಸ ಮಾಡ್ತಾ ಮಾಡ್ತಾ ನೋಡಕ್ಕೆ ಯಾವ ಸಿನಿಮಾ ಚಲೋ ಅಂತ ಹೇಳ್ರಿ. ಮೂರನೇದು, ವ್ಯಾಪಾರ ಮನೇನ ಪೂರ್ತಿ ನುಂಗದಂಗೆ ನೀವು ಏನ್ ಮಾಡ್ತೀರಿ ಅದನ್ನೂ ಹೇಳ್ರಿ.

ಮಂಡಕ್ಕಿ ಮಿರ್ಚಿ, ದಾವಣಗೆರೆ

ಅಕ್ಕಾ ನಮ್ಮನೇಲೂ ಇದೇ ಕಥೆ. ನಮ್ಮಕ್ಕ ಆಕ್ಸಿಡೈಸ್ಡ್ ಓಲೆ ಜೋಡಿಸ್ತಾಳೆ, ನಾನು ಪ್ಯಾಕಿಂಗ್ ಇಲಾಖೆ, ಸಂಬಳ ಇಲ್ಲ, ವಾರಕ್ಕೊಂದ್ಸಲ ಬೆಣ್ಣೆ ದೋಸೆ ಅಷ್ಟೇ. ಮನೆ ತುಂಬ ಜಂಪ್ ರಿಂಗು, ಅದೇ ಓಲೆ ಜೋಡಿಸೋ ಸಣ್ಣ ತಂತಿ ಉಂಗುರ, ಕಾಲಿಗೆ ಚುಚ್ಚುತ್ತೆ, ನಮ್ಮಪ್ಪ ಪೊರಕೆ ಹಿಡ್ಕೊಂಡ್ರೆ ಅಕ್ಕ ಹಿಂದೆನೇ ಓಡ್ತಾಳೆ, ಕಸದಾಗೆ ದುಡ್ಡು ಹೋಗುತ್ತೆ ಅಂತ.

ಸಿನಿಮಾ ವಿಷಯ ಹೇಳ್ಬೇಕಂದ್ರೆ ಕೆಲಸ ಮಾಡ್ತಾ ನೋಡಕ್ಕೆ ‘ಸು ಫ್ರಮ್ ಸೋ’ ಹಚ್ರಿ. 2025 ಜುಲೈನಲ್ಲಿ ಬಂತಲ್ಲ ಅದು. ಊರು ತುಂಬ ಜನ ಮಾತಾಡ್ತಾನೇ ಇರ್ತಾರೆ, ಸೋಮೇಶ್ವರದ ಸುಲೋಚನಾ ದೆವ್ವ ಹಿಡೀತು ಅಂತ ಇಡೀ ಊರು ಎದ್ದು ಬಿದ್ದು ಓಡೋದು, ಕಿವೀಲಿ ಕೇಳಿದ್ರೆ ಅರ್ಧ ನಗು ಬಂದೇ ಬರುತ್ತೆ. ಉಳಿದರ್ಧ ಮುಖ ನೋಡಿದ್ರೇನೇ ಬರೋದು, ಅದಕ್ಕೆ ನಾನು ಮೂರು ಸಲ ನೋಡಿದೆ.

ಟಾಕೀಸ್ ಗೇಟ್

ಆ ಒಂದು ಸಾಲು ಬರ್ದಿದ್ದು ನಾನೇ ಅಮ್ಮ. ಸಿಟ್ಟಾಗ್ಬೇಡ್ರಿ, ಆದ್ರೆ ಮಾತು ವಾಪಸ್ ತಗೊಳ್ಳಲ್ಲ.

ನಾನು ಅಶೋಕ ಟಾಕೀಸ್ ಪಕ್ಕದ ರೈಲ್ವೆ ಗೇಟಲ್ಲಿ ನಿಂತು ನಿಂತು ಬೆಳೆದೋನು. ಗೇಟ್ ಹಾಕಿದ್ರೆ ಟೈಟಲ್ ಕಾರ್ಡ್ ಹೋಯ್ತು ಅಂತಾನೇ ಲೆಕ್ಕ, ಗೂಡ್ಸ್ ಗಾಡಿ ಬಂದ್ರಂತೂ ಮೊದಲ್ನೇ ಹಾಡೂ ಹೋಯ್ತು, ಆಕಡೆ ಟಾಕೀಸ್ ಕಾಣ್ತಾ ಇರುತ್ತೆ, ಈಕಡೆ ಸೈಕಲ್ ಹಿಡ್ಕೊಂಡು ನಾವು. ಆಗಿನ್ ಜನ ಅಷ್ಟು ಕಷ್ಟಪಟ್ಟು ಒಳಗೆ ಹೋಗಿ ಕೂತ್ರೆ ಕಣ್ಣು ಪಕ್ಕಕ್ಕೆ ತಿರುಗಿಸ್ತಿರಲಿಲ್ಲ.

ನೀವು ಹೇಳಿದ ಸಿನಿಮಾದಲ್ಲಿ ಡೈರೆಕ್ಟರ್ ಹೇಮಂತ್ ರಾವ್ ಮಾತಲ್ಲಿ ಹೇಳಿದ್ದು ಕಾಲು ಭಾಗ. ಮೊದಲ್ನೇ ಭಾಗ ಸೈಡ್ ಎ ಪೂರ್ತಿ ನೀಲಿ ಬಣ್ಣ, 2023 ನವೆಂಬರ್‌ನಲ್ಲಿ ಬಂದ ಎರಡನೇ ಭಾಗ ಸೈಡ್ ಬಿ ಕೆಂಪು. ನಾಯಕಿ ಪ್ರಿಯಾ ಸುಮ್ನೆ ನಿಂತು ನೋಡೋ ಶಾಟ್‌ಗಳಲ್ಲಿ ಒಂದು ಮಾತಿಲ್ಲ, ಕಥೆ ಎಲ್ಲಾ ಅಲ್ಲೇ ಐತಿ. ಅಲ್ಲಿ ನೀವು ಮಣಿ ಹುಡುಕ್ತಾ ತಟ್ಟೆ ನೋಡ್ತಿದ್ರೆ ಎಳೆದಂಗೆ ಅನ್ನಿಸ್ದೆ ಇನ್ನೇನಾಗುತ್ತೆ. ನಿಮ್ ಸರಾನ ನಾನು ಕತ್ಲಲ್ಲಿ ಮುಟ್ಟಿ ನೋಡಿ ಬಣ್ಣ ಚೆನ್ನಾಗಿಲ್ಲ ಅಂದ್ರೆ ಒಪ್ತೀರಾ?

ಮಣಿಸರ, ದಾವಣಗೆರೆ

ಸರಾ ಮುಟ್ಟಿ ನೋಡಿ "ತೂಕ ಜಾಸ್ತಿ, ಕುತ್ತಿಗೆ ನೋಯುತ್ತೆ" ಅಂತ ಹೇಳಿದ್ರೆ ಒಪ್ತೀನಿ ರೀ, ಅದು ಕಣ್ಣು ಮುಚ್ಚಿದ್ರೂ ಗೊತ್ತಾಗೋ ವಿಷಯ. ಹಂಗೇ ನಾನು ಮಾತು, ಹಾಡು, ಕಥೆ ಬಗ್ಗೆ ಹೇಳಬಹುದು. ಆ ಸಿನಿಮಾದ ಸಮುದ್ರದ ಸದ್ದು, ಚರಣ್ ರಾಜ್ ಹಾಡುಗಳು ಕಿವೀಲೇ ಕೂತಾವೆ ನಂಗೆ, ಅದನ್ನೂ ಬರ್ದಿದ್ದೆ, ನೀವು ಎಳೆದಾಟ ಅನ್ನೋದೊಂದೇ ಹಿಡ್ಕೊಂಡ್ರಿ.

ಕೋಟೆನಾಡು, ಚಿತ್ರದುರ್ಗ

ಇಬ್ರೂ ಜಗಳ ಆಡೋ ಮೊದ್ಲು ದುರ್ಗದೋನ ಮಾತೊಂದು ಕೇಳಿ. ಕಿವಿ ಸಿನಿಮಾ, ಕಣ್ಣು ಸಿನಿಮಾ ಅಂತ ಬೇರೆ ಬೇರೆ ಇದಾವೆ ಅನ್ನೋದೇನೋ ಸರಿ, ಆದ್ರೆ ಒಂದೇ ಸಿನಿಮಾದಲ್ಲಿ ಎರಡೂ ಇರ್ತಾವೆ. ‘ನಾಗರಹಾವು’ ತಗೊಳ್ಳಿ, 1972ರದ್ದು. ಚಾಮಯ್ಯ ಮೇಷ್ಟ್ರು ರಾಮಾಚಾರಿ ಮಾತಾಡೋ ಸೀನು ನೀವು ಪಾತ್ರೆ ತೊಳೀತಾ ಕೇಳಿದ್ರೂ ಕಣ್ಣಲ್ಲಿ ನೀರು ಬರುತ್ತೆ, ಅಶ್ವಥ್ ಅವರ ದನಿ ಹಂಗೈತೆ. ಅದೇ ಪುಟ್ಟಣ್ಣ ಒಂದು ಹಾಡನ್ನ ಪೂರ್ತಿ ಸ್ಲೋ ಮೋಷನ್‌ನಲ್ಲಿ ತೆಗೆದಿದಾರಲ್ಲ, ಅಲ್ಲಿ ಕೈಲಿ ಏನೇ ಇದ್ರೂ ಕೆಳಗಿಡ್ಬೇಕು. ಓಬವ್ವನ ಹಾಡಲ್ಲಿ ಜಯಂತಿ ಒನಕೆ ಎತ್ತೋವಾಗ ತಟ್ಟೆ ನೋಡ್ಕೊಂಡು ಕೂತಿದ್ರೆ ನೀವು ನಮ್ ಕೋಟೆಗೆ ಬರ್ಬೇಡಿ, ಕಿಂಡಿ ಹತ್ರ ಬಿಡಲ್ಲ ನಾವು.

ನಮ್ಮೂರ ಹಳಬ್ರು ಇನ್ನೊಂದು ಹೇಳ್ತಾರೆ, ಕಾದಂಬರಿ ಬರೆದ ತ.ರಾ.ಸು. ಅವರಿಗೇ ಸಿನಿಮಾ ಹಿಡಿಸ್ಲಿಲ್ಲ, ನಾಗರಹಾವನ್ನ ಕೇರೆಹಾವು ಮಾಡಿದ್ರು ಅಂದಿದ್ರಂತೆ. ಮೂರು ಕಾದಂಬರಿ ಸೇರಿಸಿ ಒಂದು ಸಿನಿಮಾ ಮಾಡಿದ್ರೆ ಬರೆದೋರಿಗೆ ಹಂಗನ್ನಿಸೋದು ಸಹಜ. ಅಂದ್ರೆ ಕಣ್ಣು ಬಿಟ್ಕೊಂಡು ನೋಡಿದೋರಲ್ಲೂ ಒಂದೇ ಅಭಿಪ್ರಾಯ ಇರಲ್ಲ, ಪಾಪ ಮಣಿಸರ ಅಕ್ಕನ ಮೇಲೆ ಯಾಕೆ ಬೀಳ್ತೀರಿ ಗೇಟಣ್ಣ.

ಮಣ್ಣಿನೋಲೆ, ಹರಿಹರ

ನಾನು ಟೆರ್ರಾಕೋಟಾ, ಅಂದ್ರೆ ಸುಟ್ಟ ಮಣ್ಣಿನ ಓಲೆ ಮಾಡೋಳು. ಮಣ್ಣು ಕೈ ಇರೋದ್ರಿಂದ ಫೋನ್ ಮುಟ್ಟಕ್ಕಾಗಲ್ಲ, ಜಾಹೀರಾತು ಬಂದ್ರೂ ಸ್ಕಿಪ್ ಮಾಡಕ್ಕಾಗಲ್ಲ, ಆದ್ರಿಂದ ನಂದು ಪೂರ್ತಿ ಕಿವಿ ಸಿನಿಮಾನೇ. ಹಳೇ ಕಪ್ಪು ಬಿಳುಪು ಸಿನಿಮಾ ಹಚ್ತೀನಿ, ಆಗಿನೋರು ನಾಟಕ ಕಂಪನಿಯಿಂದ ಬಂದೋರು ಜಾಸ್ತಿ, ಮಾತು ಒಂದೊಂದಕ್ಷರ ಸ್ಪಷ್ಟ. ಈಗಿನ ಸಿನಿಮಾದಲ್ಲಿ ಪಿಸುಗುಟ್ಟಿದ್ದು ಕೇಳಲ್ಲ ಅಂತ ಸೌಂಡ್ ಜಾಸ್ತಿ ಮಾಡಿದ್ರೆ ಫೈಟ್ ಬಂದು ಮಗು ಎದ್ದು ಕೂರುತ್ತೆ.

ಆದ್ರೆ ಸುಡೋ ದಿನ ಸಿನಿಮಾ ಗಿನಿಮಾ ಏನೂ ಇಲ್ಲ. ಓಲೆ ನೆರಳಲ್ಲಿ ಚೆನ್ನಾಗಿ ಒಣಗಿರ್ಬೇಕು, ಒಳಗೆ ಚೂರು ತೇವ ಉಳಿದ್ರೂ ಬೆಂಕೀಲಿ ಆವಿಯಾಗಿ ಟಪ್ ಅಂತ ಒಡೀತಾವೆ, ಒಂದು ಒಡೆದ್ರೆ ಪಕ್ಕದವನ್ನೂ ಹಾಳು ಮಾಡುತ್ತೆ. ಒಂದು ಹಳೇ ಮಡಕೇಲಿ ಸಾಲಾಗಿ ಜೋಡಿಸಿ ಸುತ್ತ ಕುಳ್ಳು, ಭತ್ತದ ಹೊಟ್ಟು ಹಾಕ್ತೀನಿ, ಭದ್ರಾ ಕಾಲುವೆ ಪುಣ್ಯ ನಮ್ಮಲ್ಲಿ ಹೊಟ್ಟಿಗೆ ಬರ ಇಲ್ಲ. ಗಾಳಿ ಆಡಂಗೆ ಸುಟ್ರೆ ಕೆಂಪು ಬರ್ತಾವೆ, ಕೊನೇಲಿ ಹೊಟ್ಟು ಮುಚ್ಚಿ ಗಾಳಿ ಕಟ್ ಮಾಡಿದ್ರೆ ಹೊಗೆ ಕೂತು ಕರ್ರಗೆ ಬರ್ತಾವೆ. ಕರೀ ಓಲೆಗೆ ಬಿಳೀ ಚುಕ್ಕೆ ಇಟ್ರೆ ಕಾಟನ್ ಸೀರೆ ಉಡೋ ಮೇಡಮ್ಮುಗಳು ಬಿಡೋದೇ ಇಲ್ಲ. ಸಂಜೆ ಮುಂದೆ ಹೊಗೆ ಎದ್ರೆ ಪಕ್ಕದ ಮನೆಯೋರು ಮುಖ ಗಂಟು ಹಾಕ್ತಾರೆ, ಅವ್ರಿಗೆ ವರ್ಷಕ್ಕೊಂದು ಸೆಟ್ ಫ್ರೀ. ಈ ಖರ್ಚನ್ನ ಯಾವ ಲೆಕ್ಕಕ್ಕೆ ಹಾಕೋದು ಹೇಳ್ರಿ.

ಈಗ ಅಸಲಿ ಸಿಟ್ಟು ಹೇಳ್ತೀನಿ. ಈ ಕೆಲಸ ಶುರು ಮಾಡಿದ ಮೇಲೆ ಸಿನಿಮಾ ನೋಡೋವಾಗ ಹೀರೋಯಿನ್ ಮುಖ ಕಾಣಲ್ಲ, ಕಿವಿನೇ ಕಾಣೋದು. ನೂರಾರು ವರ್ಷದ ಹಿಂದಿನ ಹಳ್ಳಿ ಕಥೆ ಅಂತಾರೆ, ಹುಡುಗಿ ಕಿವೀಲಿ ಮೆಷಿನ್ ಕಟ್ ಜುಮ್ಕಿ, ಅದೂ ಹೊಸಾ ಪಾಲಿಶ್. ದನ ಕಾಯೋ ಹುಡುಗಿ ಸರ ಅಂದ್ಮೇಲೆ ಅದಕ್ಕೆ ಬೆವರು ಧೂಳು ಹಿಡಿದಿರ್ಬೇಕಲ್ವಾ, ದಾರ ಮಾಸಿರ್ಬೇಕಲ್ವಾ. ನಮ್ಮಜ್ಜಿ ಬುಗುಡಿ ಹಾಕಿ ಹಾಕಿ ಕಿವಿ ಮೇಲ್ಭಾಗ ಬಗ್ಗಿಹೋಗಿತ್ತು, ಯಾವ ಸಿನಿಮಾದಲ್ಲಾದ್ರೂ ಅಂಥಾ ಕಿವಿ ತೋರ್ಸಿದಾರಾ?

ಮಂಡಕ್ಕಿ ಮಿರ್ಚಿ, ದಾವಣಗೆರೆ

‘ಕಾಂತಾರ’ದಲ್ಲಿ ಸಪ್ತಮಿ ಗೌಡ ಎರಡೂ ಕಡೆ ಮೂಗುಬೊಟ್ಟು ಹಾಕಿದ್ರಲ್ಲ, ಪಾತ್ರಕ್ಕೋಸ್ಕರ ನಿಜವಾಗ್ಲೂ ಚುಚ್ಚಿಸ್ಕೊಂಡಿದ್ರು. ಅದು ನೋಡಿದ್ರೆ ಗೊತ್ತಾಗುತ್ತೆ, ಅಂಟಿಸಿದ್ದಲ್ಲ ಅಂತ. ಆ ಸಿನಿಮಾ ಬಂದ ಮೇಲೆ ನಮ್ಮಕ್ಕನಿಗೆ ಬಂದ ಮೆಸೇಜ್ ಎಲ್ಲಾ ಒಂದೇ, ಎರಡು ಮೂಗುಬೊಟ್ಟು ಬೇಕು, ಆದ್ರೆ ಚುಚ್ಚೋದು ಬೇಡ, ಕ್ಲಿಪ್ ಮಾಡ್ಕೊಡಿ. ನೋವು ಬೇಡ, ಲುಕ್ ಬೇಕು.

ಆಮೇಲೆ ‘ಕಾಂತಾರ ಚಾಪ್ಟರ್ 1’ ಟ್ರೈಲರ್ ಬಂದಾಗ ರುಕ್ಮಿಣಿ ವಸಂತ್ ರಾಣಿ ಗೆಟಪ್ಪಿನ ಸ್ಕ್ರೀನ್‌ಶಾಟ್ ಕಳ್ಸಿ "ಸೇಮ್ ಟು ಸೇಮ್ ಮಾಡ್ಕೊಡಿ, 300 ರೂಪಾಯಿ ಒಳಗೆ" ಅಂತ. ಅಕ್ಕ ಫೋನ್ ಎಸೆಯೋದೊಂದು ಬಾಕಿ.

ಮಣಿಸರ, ದಾವಣಗೆರೆ

ಅಯ್ಯೋ ಸ್ಕ್ರೀನ್‌ಶಾಟ್ ಕಾಟ ನಂಗೂ ಐತಪ್ಪ. ನಾನೀಗ ಒಂದು ರೂಲ್ ಮಾಡಿದೀನಿ, ಬಣ್ಣ ಬೇಕಾದ್ರೆ ಅದೇ ಹಾಕ್ತೀನಿ, ಡಿಸೈನ್ ನಂದೇ. ಹೋದ್ರೆ ಹೋಗ್ಲಿ ಗಿರಾಕಿ. ಅದೊಂದು ಮಾಡಿದ್ಮೇಲೆ ತಲೆನೋವು ಅರ್ಧ ಕಮ್ಮಿ ಆಯ್ತು.

ಮಣ್ಣಿನೋಲೆ ಅಕ್ಕ ಹೇಳಿದ ಕಿವಿ ಮಾತು ಖರೆ. ನಾನಂತೂ ಲಂಬಾಣಿ ಪಾತ್ರ ಬಂದ್ರೆ ಎದ್ದು ಕೂತು ನೋಡ್ತೀನಿ. ನ್ಯಾಮತಿ ಕಡೆ ಸೂರಗೊಂಡನಕೊಪ್ಪಕ್ಕೆ ಸೇವಾಲಾಲ್ ಜಾತ್ರೆಗೆ ಹೋದಾಗ ವಯಸ್ಸಾದ ಹೆಂಗಸ್ರು ಹಾಕಿರೋದನ್ನ ಹತ್ರದಿಂದ ನೋಡಿದೀನಿ, ಕೂದಲಿಗೆ ಕಟ್ಟಿ ಕೆನ್ನೆ ಎರಡೂ ಪಕ್ಕ ಇಳಿಬಿಟ್ಟ ಬೆಳ್ಳಿ ಗೊಂಚಲು, ತೋಳು ತುಂಬ ಬಿಳೀ ಬಳೆ, ಕವಡೆ, ಕನ್ನಡಿ, ಹಳೇ ನಾಣ್ಯ. ಆ ತೂಕ ಹೊತ್ಕೊಂಡು ನಡೆಯೋ ನಡಿಗೆನೇ ಬೇರೆ ಇರುತ್ತೆ. ಸಿನಿಮಾದಲ್ಲಿ ಪ್ಲಾಸ್ಟಿಕ್ ಹಾಕ್ಸಿ ಕುಣಿಸ್ತಾರಲ್ಲ, ತೂಕ ಇಲ್ಲ ಅಂತ ಕುಣಿಯೋದ್ರಲ್ಲೇ ಗೊತ್ತಾಗುತ್ತೆ. ಗೇಟಣ್ಣ, ಇದನ್ನ ನಾನು ಕಣ್ಣಲ್ಲೇ ನೋಡಿ ಹೇಳ್ತಿರೋದು, ಬರ್ಕೊಳ್ರಿ.

ಟಾಕೀಸ್ ಗೇಟ್

ಬರ್ಕೊಂಡೆ ಅಮ್ಮ. ಇಂಥಾ ಅಭಿಪ್ರಾಯ ಬರೀರಿ ನೀವು, ಇದು ನಂಗೆ ಜನ್ಮದಲ್ಲಿ ಹೊಳೀತಿರಲಿಲ್ಲ. ಎಳೆದಾಟ ಚೆನ್ನಾಗಿದೆ ಬೋರು ಇವನ್ನ ಊರೆಲ್ಲ ಬರೀತಾರೆ.

ಲೆಕ್ಕದ ಮೇಷ್ಟ್ರು, ದಾವಣಗೆರೆ

ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಎಲ್ಲಾ ಸಿನಿಮಾ ಕಡೆ ಹೋದ್ರಿ. ವ್ಯಾಪಾರ ಮನೇನ ನುಂಗ್ತೈತಿ ಅಂದ್ರೆ ರೇಟ್ ಕಮ್ಮಿ ಇಟ್ಟೀರಿ ಅಂತ ಅರ್ಥ. ಮಣಿಸರ ಅವ್ರೇ, ಒಂದು ರೇಷ್ಮೆ ದಾರದ ಜುಮ್ಕಿ ಲೆಕ್ಕ ಬಿಡಿಸಿ ಹೇಳ್ರಿ ನೋಡಣ.

ಮಣಿಸರ, ದಾವಣಗೆರೆ

ಬೇಸು, ದಾರ, ಕುಂದನ್ನು, ಹುಕ್ಕು ಸೇರಿ 55 ಆಗುತ್ತೆ ಸರ್. ಗಮ್ಮಿಗೆ 5 ಹಾಕ್ರಿ. ಡಬ್ಬಿ, ಬಬಲ್ ಶೀಟು 15. ಮಾರೋದು 220. ಕೊರಿಯರ್ ಅವ್ರದ್ದೇ.

ಲೆಕ್ಕದ ಮೇಷ್ಟ್ರು, ದಾವಣಗೆರೆ

ಉಳೀತು 145. ಮಾಡಕ್ಕೆ ಎರಡು ತಾಸು ಅನ್ಕೊಳ್ಳಣ, ದಾರ ಒಂದರ ಪಕ್ಕ ಒಂದು ಸುತ್ತೋದು ಸಣ್ಣ ಕೆಲಸ ಅಲ್ಲ. ಗಂಟೆಗೆ 72 ಆಯ್ತು. ಈಗ ಫೋಟೋ ತೆಗೆಯೋದು, "ಅಕ್ಕ ಇದೇ ಪಿಂಕಲ್ಲಿ ಸ್ವಲ್ಪ ಡಾರ್ಕ್ ಇದ್ಯಾ" ಅಂತ ಬರೋ ಮೆಸೇಜಿಗೆ ಉತ್ತರ ಕೊಡೋದು, ಪ್ಯಾಕ್ ಮಾಡಿ ಪೋಸ್ಟಾಫೀಸಿಗೆ ಹೋಗೋದು, ಇದಕ್ಕೊಂದು ತಾಸು ಹಾಕಿದ್ರೆ ಗಂಟೆಗೆ 48. ರಾತ್ರಿ ಹನ್ನೆರಡರ ತನಕ ಕಣ್ಣು ನೋಯಿಸ್ಕೊಂಡು 48 ರೂಪಾಯಿ. ಸಿನಿಮಾ ನೋಡಕ್ಕೆ ಕೈ ಖಾಲಿ ಇಲ್ಲ ಅಂದ್ರೆ ಇದಕ್ಕೇನೇ.

ಇನ್ನೊಂದು, ಎಲ್ಲಾ ದುಡ್ಡು ಮನೆ ಖರ್ಚಿನ ಖಾತೆಗೇ ಯುಪಿಐನಲ್ಲಿ ತಗೊಳ್ಳೋದು ಬಿಡ್ರಿ. 2025 ಜುಲೈನಲ್ಲಿ ಯುಪಿಐ ವಹಿವಾಟು ನೋಡ್ಕೊಂಡು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟು ಜನ ಗಾಬರಿ ಬಿದ್ರು ನೆನಪೈತಲ್ಲ. ನಿಮ್ ವಹಿವಾಟು ಆ ಮಟ್ಟಕ್ಕೆ ಇಲ್ಲ ಬಿಡ್ರಿ, ವಸ್ತು ಮಾರೋರಿಗೆ ನಮ್ಮ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ. ಆದ್ರೂ ಅಣ್ಣ ಕಳ್ಸಿದ ದುಡ್ಡು, ಚೀಟಿ ದುಡ್ಡು, ಓಲೆ ದುಡ್ಡು ಎಲ್ಲಾ ಒಂದೇ ಖಾತೇಲಿ ಕಲಸಿಹೋದ್ರೆ ನಾಳೆ ಯಾವುದು ಯಾವುದು ಅಂತ ಹೇಳಕ್ಕೆ ನಿಮಗೇ ಆಗಲ್ಲ. ಬೇರೆ ಖಾತೆ ತೆಗೀರಿ, ಒಂದು ನೋಟ್‌ಬುಕ್ ಇಡ್ರಿ. ಬೇರೆ ರಾಜ್ಯಕ್ಕೆ ಕಳ್ಸೋದಿದ್ರೆ ನಿಯಮ ಬೇರೆ, ಅದನ್ನ ಒಬ್ರು ಆಡಿಟರ್ ಹತ್ರ ಕೂತು ಕೇಳ್ಕೊಳ್ರಿ.

ಕೋಟೆನಾಡು, ಚಿತ್ರದುರ್ಗ

ಮೇಷ್ಟ್ರೇ ಕೈ ಮುಗೀತೀನಿ. ನಮ್ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಹೇಳಿದ್ದೂ ಅದೇ ಅಲ್ವಾ, ಮಾಡಿದಷ್ಟು ನೀಡು ಭಿಕ್ಷೆ. ಕೆರೆ ಕಟ್ಟಿಸಿದ ಮಹಾತ್ಮ, ಕೆಲಸ ಎಷ್ಟೋ ಕೂಲಿ ಅಷ್ಟು ಅಂತ ನಿಂತೋರು. ಜಾತ್ರೇಲಿ ತೇರು ಎಳೆಯೋ ನಾವೇ ವಾಪಸ್ ಬರೋವಾಗ ಬಳೆ ಅಂಗಡೀಲಿ 50 ರೂಪಾಯಿಗೆ ಚೌಕಾಸಿ ಮಾಡ್ತೀವಿ.

ಮಣಿಸರ, ದಾವಣಗೆರೆ

48 ನೋಡಿ ತಲೆ ತಿರುಗ್ತು ರೀ. ನಮ್ಮನೆಯವ್ರಿಗೆ ತೋರ್ಸಿದೆ, "ಹವ್ಯಾಸ ಅಲ್ವೇನೇ ಇದು" ಅಂದ್ರು. ಹವ್ಯಾಸ ಅಂತೆ! ಹವ್ಯಾಸದ ದುಡ್ಡಲ್ಲೇ ಹೋದ ಸಲ ಗ್ಯಾಸು, ಟ್ಯೂಷನ್ ಫೀಸು ಹೋಗಿದ್ದು.

ಜುಮ್ಕಿ 280 ಮಾಡ್ತೀನಿ. ಆದ್ರೆ ಮಂಡಿಪೇಟೆ ಕಡೆ ಫ್ಯಾನ್ಸಿ ಸ್ಟೋರಲ್ಲಿ ಮೆಷಿನ್ ಮಾಲು 90ಕ್ಕೆ ನೇತು ಹಾಕಿರ್ತಾರಲ್ಲ, ಜನ ಅದನ್ನೇ ತೋರಿಸಿ ಕೇಳ್ತಾರೆ, ಏನ್ ಹೇಳ್ಲಿ?

ಮಣ್ಣಿನೋಲೆ, ಹರಿಹರ

"ಅದೇ ತಗೊಳ್ರಿ" ಅನ್ರಿ, ನಗ್ತಾ ಅನ್ರಿ ಅಷ್ಟೇ. ನಿಮ್ ಹತ್ರ ಸೀರೆ ಅಂಚಿನ ಬಣ್ಣ ಹೊಂದಿಸ್ಕೊಡೋದು ಐತಲ್ಲ, ಅದು ಅಂಗಡೀಲಿ ಸಿಗಲ್ಲ. ನಂಗೆ ಮೊಳಕಾಲ್ಮೂರು ಸೀರೆ ತಂದು ಕೊಡೋರು ಇದಾರೆ, ಅಂಚಿನ ಬಣ್ಣಕ್ಕೆ ಓಲೆಗೆ ಬಣ್ಣ ಹಾಕ್ಕೊಡಿ ಅಂತ, ಅವ್ರು ರೇಟ್ ಕೇಳೋದೇ ಇಲ್ಲ. ಗೌರಿ ಹಬ್ಬಕ್ಕೆ ಮುಂಚೆ ಅಂಥಾ ಆರ್ಡರ್ ಹಿಡೀರಿ, 220ರ ಜುಮ್ಕಿ ಹಿಂದೆ ಬೀಳ್ಬೇಡ್ರಿ.

ರೆಸಿನ್ ಹುಡುಗಿ, ಚಿತ್ರದುರ್ಗ

ಹಾಯ್ ಎಲ್ರಿಗೂ, ನಾನು ಡಿಗ್ರಿ ಓದ್ತಿದೀನಿ, ಒಣಗಿಸಿದ ಹೂವು ಹಾಕಿ ರೆಸಿನ್ ಪೆಂಡೆಂಟ್ ಮಾಡ್ತೀನಿ. ಹಾಸ್ಟೆಲ್ ರೂಮಲ್ಲೇ ಮಾಡೋದು. ಮಳೆ ಶುರು ಆದ್ಮೇಲೆ ಮೇಲ್ಭಾಗ ಅಂಟಂಟು, ಒಂಥರಾ ಮಂಜು ಮಂಜು ಆಗ್ತಿದೆ. ಯಾರಿಗಾದ್ರೂ ಗೊತ್ತಾ? ಸಿನಿಮಾ ಚರ್ಚೆ ಮಧ್ಯೆ ಬಂದೆ ಸಾರಿ.

ಮಣ್ಣಿನೋಲೆ, ಹರಿಹರ

ಗಾಳೀಲಿ ತೇವ ಜಾಸ್ತಿ ಆದ್ರೆ ಹಂಗೇ ಆಗೋದು ತಂಗಿ. ಡಬ್ಬಿ ಮೇಲೆ ರೆಸಿನ್ನಿಗೆ ಹಾರ್ಡ್‌ನರ್, ಅದೇ ಗಟ್ಟಿ ಮಾಡೋ ದ್ರವ, ಎರಡಕ್ಕೆ ಒಂದು ಅಂತ ಇದ್ಯೋ ಮೂರಕ್ಕೆ ಒಂದು ಅಂತ ಇದ್ಯೋ ಅದೇ ಪ್ರಮಾಣ ಹಾಕು, ಅದು ತೂಕದ ಲೆಕ್ಕನೋ ಅಳತೆ ಲೆಕ್ಕನೋ ಅನ್ನೋದನ್ನೂ ಓದು, ಕಣ್ಣಂದಾಜು ಬೇಡ. ಜೋರಾಗಿ ಕಲಕಿದ್ರೆ ಗುಳ್ಳೆ ಬರುತ್ತೆ, ನಿಧಾನ ಕಲಕು, ತಳ ಅಂಚು ಎಲ್ಲಾ ಕೆರೆದು ಕಲಕು. ಹೂವು ಪೂರ್ತಿ ಒಣಗಿರ್ಬೇಕು, ಇಲ್ಲಾಂದ್ರೆ ಕಂದು ಬಣ್ಣಕ್ಕೆ ತಿರುಗುತ್ತೆ. ಅಚ್ಚಿನ ಮೇಲೆ ಒಂದು ಡಬ್ಬಿ ಬೋರಲು ಹಾಕಿ ಒಂದಿಡೀ ದಿನ ಮುಟ್ಬೇಡ. ಮಳೆ ಸುರಿಯೋ ದಿನ ಸುರಿಯೋದೇ ಬೇಡ, ಪಾಲಿಶ್ ಕೆಲಸ ಇಟ್ಕೋ. ಮತ್ತೆ ಅದೇ ರೂಮಲ್ಲಿ ಮಲಗ್ತೀಯಲ್ಲ, ಅದು ಬೇಡ ತಂಗಿ. ಕಿಟಕಿ ತೆಗ್ದು ಗ್ಲೌಸ್ ಹಾಕ್ಕೊಂಡೇ ಮಾಡು, ಆ ವಾಸನೆ ಒಳ್ಳೇದಲ್ಲ. ಅಮ್ಮನ ಮನೆಗೆ ಹೋದಾಗ ಟೆರೇಸ್ ರೂಮಲ್ಲಿ ಒಟ್ಟಿಗೆ ಮಾಡಿಟ್ಕೊಂಡು ಬಂದ್ಬಿಡು.

ರೆಸಿನ್ ಹುಡುಗಿ, ಚಿತ್ರದುರ್ಗ

ಥ್ಯಾಂಕ್ಸ್ ಅಕ್ಕಾ!! ನಾನು ಕಣ್ಣಂದಾಜಲ್ಲೇ ಹಾಕ್ತಿದ್ದೆ. ಸಿನಿಮಾ ಬಗ್ಗೆನೂ ಒಂದು ಹೇಳ್ಲಾ, ರೆಸಿನ್ ಸುರಿಯೋವಾಗ ನಾನು ಏನೂ ಹಚ್ಚಲ್ಲ, ಒಂದ್ಸಲ ಗಟ್ಟಿಯಾಗಕ್ಕೆ ಶುರು ಆದ್ರೆ ನಮ್ಗೋಸ್ಕರ ಕಾಯಲ್ಲ ಅದು. ಆದ್ರೆ ಸ್ಯಾಂಡ್‌ಪೇಪರ್ ಉಜ್ಜೋವಾಗ ಮಾತ್ರ ‘ಗರುಡ ಗಮನ ವೃಷಭ ವಾಹನ’. ಉಜ್ಜೋ ಸದ್ದಲ್ಲಿ ಮಾತು ಕೇಳಲ್ಲ, ಆ ಸಿನಿಮಾಗೆ ಮಾತು ಅಷ್ಟು ಬೇಕಾಗಿಲ್ಲ, ಮಳೇಲಿ ರಾಜ್ ಶೆಟ್ರು ಕುಣಿಯೋದು ನೋಡ್ತಾ ಉಜ್ಜೋದೇ. ಅದು ಕೈ ಸಿನಿಮಾ ಅನ್ನಿ ಬೇಕಾದ್ರೆ.

ಟಾಕೀಸ್ ಗೇಟ್

ಭೇಷ್. ಈ ಹುಡುಗಿ ಹೇಳಿದ್ದು ಸರಿ ಐತಿ, ಕೆಲಸ ನೋಡ್ಕೊಂಡು ಸಿನಿಮಾ ಆರಿಸ್ಬೇಕು.

ಆದ್ರೂ ತಿಂಗಳಿಗೊಂದು ಸಿನಿಮಾ ಟಾಕೀಸಲ್ಲಿ ನೋಡ್ರಿ ಅಂತ ನನ್ನ ಬೇಡಿಕೆ. ಕತ್ತಲು ಇರುತ್ತೆ, ಮಣಿ ಪೋಣಿಸಕ್ಕಾಗಲ್ಲ, ನಿಮಗೂ ಬೇರೆ ದಾರಿ ಇರಲ್ಲ. ಸಿಂಗಲ್ ಸ್ಕ್ರೀನುಗಳು ಒಂದೊಂದೇ ಮುಚ್ತಾ ಇದಾವೆ, ಇರೋವಷ್ಟು ದಿನ ಹೋಗ್ರಿ.

ಮಣಿಸರ, ದಾವಣಗೆರೆ

ಹೋಗಕ್ಕೇನೋ ಆಸೆ ಐತಿ. ನಾಲ್ಕು ಜನ ಮಲ್ಟಿಪ್ಲೆಕ್ಸಿಗೆ ಹೋದ್ರೆ ಟಿಕೆಟ್ಟು ಪಾಪ್‌ಕಾರ್ನ್ ಸೇರಿ ಎಷ್ಟು ಜುಮ್ಕಿ ಮಾರ್ಬೇಕು ಲೆಕ್ಕ ಹಾಕ್ರಿ. 2025 ಸೆಪ್ಟೆಂಬರ್‌ನಲ್ಲಿ ಟಿಕೆಟ್ 200ರ ಮೇಲೆ ಹೋಗಂಗಿಲ್ಲ ಅಂತ ಸರ್ಕಾರ ನಿಯಮ ತಂದಾಗ ಖುಷಿಪಟ್ಟಿದ್ದೆ, ಅದೇ ತಿಂಗಳು ಹೈಕೋರ್ಟಲ್ಲಿ ತಡೆ ಬಂತು.

ಮಂಡಕ್ಕಿ ಮಿರ್ಚಿ, ದಾವಣಗೆರೆ

ಅದಕ್ಕೇ ಟಾಕೀಸು ಅಂದಿದ್ದು ಗೇಟಣ್ಣ. ಬಾಲ್ಕನಿ ತಗೊಂಡು ಇಂಟರ್ವಲ್‌ನಲ್ಲಿ ಹೊರಗೆ ಬಂದು ಮಿರ್ಚಿ ಮಂಡಕ್ಕಿ ತಿಂದ್ರೆ ಮುಗೀತು, ಪಾಪ್‌ಕಾರ್ನ್ ಯಾಕೆ.

ಕೋಟೆನಾಡು, ಚಿತ್ರದುರ್ಗ

ಒಂದು ಅನುಮಾನ ಮಣಿಸರ ಅಕ್ಕ. ರಾತ್ರಿ ಹತ್ತರಿಂದ ಹನ್ನೆರಡೂವರೆ ಕೆಲಸ ಅಂತೀರಿ, ಭಾನುವಾರನೂ ಹಂಗೇನಾ?

ಮಣಿಸರ, ದಾವಣಗೆರೆ

ಭಾನುವಾರ ಇನ್ನೂ ಜಾಸ್ತಿ ಅಣ್ಣ, ಮಕ್ಳು ಮನೇಲಿರ್ತಾರೆ ಮಧ್ಯಾಹ್ನ ಏನೂ ಆಗಲ್ಲ. ಆದ್ರೆ ಇಲ್ಲಿ ಮೇಷ್ಟ್ರು 48 ಅಂದ್ಮೇಲೆ ಎರಡು ಬದಲಾವಣೆ ಮಾಡಿದೀನಿ. ಒಂಬತ್ತರ ಮೇಲೆ ಬಂದ ಮೆಸೇಜಿಗೆ ಬೆಳಗ್ಗೆನೇ ಉತ್ತರ, ಸ್ಟೇಟಸ್ಸಲ್ಲೂ ಹಾಕಿದೀನಿ, ಇಬ್ರು ಮುನಿಸ್ಕೊಂಡ್ರು, ಉಳಿದೋರು ಏನೂ ಅನ್ಲಿಲ್ಲ. ಶುಕ್ರವಾರ ರಾತ್ರಿ ತಟ್ಟೆ ಹೊರಗೆ ತೆಗೆಯಲ್ಲ. ಹೋದ ಶುಕ್ರವಾರ ಸೈಡ್ ಎ ಮತ್ತೆ ಹಚ್ಚಿದ್ವಿ, ಟಿವಿಗೆ, ಫೋನಲ್ಲಲ್ಲ. ಅತ್ತೆನೂ ಕೂತ್ರು. ಅತ್ತೆಗೆ ಸಿನಿಮಾ ಹಿಡಿಸ್ತು. ನಂಗೆ ಈಗ್ಲೂ ಎರಡನೇ ಅರ್ಧ ಉದ್ದ ಆಯ್ತು ಅಂತಾನೇ ಅನ್ನಿಸ್ತು ಗೇಟಣ್ಣ, ಕೈ ಖಾಲಿ ಇಟ್ಕೊಂಡು ಕಣ್ಣು ಬಿಟ್ಕೊಂಡು ನೋಡಿ ಹೇಳ್ತಿದೀನಿ.

ಟಾಕೀಸ್ ಗೇಟ್

ಈಗ ಒಪ್ಪಿದೆ. ತಪ್ಪು ಅಭಿಪ್ರಾಯ, ಆದ್ರೆ ನೋಡಿ ಹೇಳಿದ್ದು.

ರೆಸಿನ್ ಹುಡುಗಿ, ಚಿತ್ರದುರ್ಗ

ಹಹ್ಹಾ. ಮಣಿಸರ ಅಕ್ಕ ನಿಮ್ ಹತ್ರ ಒಂದು ಜುಮ್ಕಿ ಬೇಕಿತ್ತು, ಅಮ್ಮನಿಗೆ. ಆದ್ರೆ ಅಮ್ಮನಿಗೆ ಜರ್ಮನ್ ಸಿಲ್ವರ್ ಹಾಕಿದ್ರೆ ಕಿವಿ ಕೆಂಪಾಗಿ ತುರಿಕೆ ಬರುತ್ತೆ, ಬೆಳ್ಳಿ ಅಂತ ನಂಬ್ಕೊಂಡೇ ತಗೊಂಡಿದ್ವಿ.

ಮಣಿಸರ, ದಾವಣಗೆರೆ

ಅದ್ರಲ್ಲಿ ಬೆಳ್ಳಿನೇ ಇರಲ್ಲ ಪುಟ್ಟಿ, ತಾಮ್ರ, ಸತು, ನಿಕ್ಕಲ್ ಇರೋದು. ನಿಕ್ಕಲ್ ಎಷ್ಟೋ ಜನಕ್ಕೆ ಆಗಿಬರಲ್ಲ. ಕಿವಿಗೆ ತಾಗೋದು ಹುಕ್ಕೊಂದೇ ಅಲ್ವಾ, ಅದನ್ನ 925 ಬೆಳ್ಳಿದು ಹಾಕ್ಕೊಡ್ತೀನಿ, ಆಗ 280 ಇರಲ್ಲ, ಬೆಳ್ಳಿ ರೇಟ್ ನೋಡಿ ಹೇಳ್ತೀನಿ. ಅಮ್ಮನ ಸೀರೆ ಅಂಚಿನ ಫೋಟೋ ಹಗಲು ಬೆಳಕಲ್ಲಿ ತೆಗ್ದು ಕಳ್ಸು, ಟ್ಯೂಬ್‌ಲೈಟಲ್ಲಿ ತೆಗೆದ್ರೆ ಮೆರೂನು ಕೆಂಪು ಎರಡೂ ಒಂದೇ ಕಾಣುತ್ತೆ. ಶುಕ್ರವಾರ ಕಳ್ಸಿದ್ರೆ ಶನಿವಾರ ನೋಡ್ತೀನಿ.